ಅನಿಲದ ಗಾಡಿ ಎಷ್ಟು ದೂರ ಓಡಬಲ್ಲದು?

ಅಜ್ಜಂಪುರದಿಂದ ತರೀಕೆರೆಯ ಮಾರ್ಗವಾಗಿ ಶಿವಮೊಗ್ಗಕ್ಕೆ ಬಾಡಿಗೆಯ ವ್ಯಾನು ಓಡಿಸುವ ನಮ್ಮ ಪರಿಚಿತರೊಬ್ಬರು ಕಳೆದ ಬೇಸಗೆಯಲ್ಲಿ ನಮ್ಮ ಬಳಿಗೆ ಒಂದು ಪ್ರಶ್ನೆಯನ್ನು ತಂದರು. ಪೆಟ್ರೋಲಿನ ವ್ಯಾನನ್ನು ಅವರು ಎಲ್.ಪಿ.ಜಿ. ಅನಿಲಕ್ಕೆ ಮಾರ್ಪಡಿಸಿಕೊಂಡಿದ್ದರು. ಮೂತ್ರಪಿಂಡದ ಕಾಯಿಲೆಯವರನ್ನು ವಾರಕ್ಕೆ ಮೂರು ಸಲ ರಕ್ತಶೋಧನೆಗಾಗಿ ಶಿವಮೊಗ್ಗಕ್ಕೆ ಕರೆದೊಯ್ದು ಮರಳಿ ತರುವುದು ಅವರ ಖಾಯಂ ಬಾಡಿಗೆ. ಹೋಗಿಬರುವ ಹಾದಿ ಸುಮಾರು 120 ಕಿ.ಮೀ. ಒಮ್ಮೆ ಟ್ಯಾಂಕು ತುಂಬಿಸಿದರೆ ಎರಡು ಪಯಣಕ್ಕೆ ಸಾಲುತ್ತದೆ, ಮೂರನೆಯದಕ್ಕೆ ಸಾಲದು. ಅವರು ಅನಿಲ ಕೊಳ್ಳುವ ಬಂಕಿನಲ್ಲಿ ಎಲ್ಲ ದಿನವೂ ದಾಸ್ತಾನು ಇರುವುದಿಲ್ಲವಾದ್ದರಿಂದ, ವಾರಕ್ಕೊಮ್ಮೆ ತುಂಬಿಸಿ ಮೂರು ಪಯಣ ಮುಗಿಸುವಂತಾದರೆ ಬದುಕು ಹಗುರವಾಗುವುದೆಂಬುದು ಅವರ ಲೆಕ್ಕ.

“ನಲವತ್ತು ಲೀಟರ್ ಟ್ಯಾಂಕು ಅಂತ ದುಡ್ಡು ಕೊಟ್ಟು ಹಾಕ್ಸಿದೀನಿ ಮೇಷ್ಟ್ರೇ. ಬಂಕಲ್ಲಿ ಮೂವತ್ತೆರಡಕ್ಕೇ ನಿಂತೋಗ್ತೈತೆ. ಎಂಟು ಲೀಟರ್ ಜಾಗ ಸುಮ್ನೆ ಖಾಲಿ. ಅದನ್ನೂ ತುಂಬ್ಸೋ ಹಾಗೆ ಮಾಡ್ಕೊಡ್ತೀನಿ ಅಂತ ಒಬ್ರು ಹೇಳವ್ರೆ. ಮಾಡಿಸ್ಲಾ?”

ಮಾಡಿಸಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಬಹುದಾಗಿತ್ತು. ಆದರೆ ದುಡಿದು ತಿನ್ನುವವರಿಗೆ ಕಾರಣ ಹೇಳದೆ ಬೇಡವೆನ್ನುವುದು ನ್ಯಾಯವಲ್ಲ; ಅಲ್ಲದೆ ಮೂರನೆಯ ಪಯಣದ ಸಮಸ್ಯೆ ಹಾಗೆಯೇ ಉಳಿಯುವುದು. ಆದ್ದರಿಂದ ಕಾಗದ ಪೆನ್ಸಿಲು ತೆಗೆದುಕೊಂಡು ಇಬ್ಬರೂ ಲೆಕ್ಕಕ್ಕೆ ಕುಳಿತೆವು. ಆ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ. ಪ್ರೌಢಶಾಲೆಯ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ಮೊದಲು ಇಂಧನವನ್ನು ಹೊತ್ತೊಯ್ಯುವ ಮಾತು. ಯಾವ ಗಾಡಿಯೂ ತನ್ನ ಆಹಾರದ ಬುತ್ತಿಯನ್ನು ತಾನೇ ಹೊರಬೇಕು. ಪೆಟ್ರೋಲು ದ್ರವವಾದ್ದರಿಂದ ಈ ಕೆಲಸ ಸುಲಭ. ಅನಿಲವಾದರೋ ಬಹಳ ಜಾಗವನ್ನು ಬೇಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಮೈಸೂರು ಸೀಮೆಯ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಓಡಿದುವು. ಮಿತವಾದ ಗಾಳಿಯಲ್ಲಿ ಇದ್ದಿಲನ್ನು ಉರಿಸಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡನ್ನು ಎಂಜಿನಿಗೆ ಊಡುವ ಏರ್ಪಾಡು ಅದು. ಅನಿಲವನ್ನು ಕೂಡಿಡಲು ಜಾಗವಿಲ್ಲದ್ದರಿಂದ ದಾರಿಯಲ್ಲಿಯೇ ತಯಾರಿಸಿಕೊಳ್ಳುತ್ತ ಹೋಗಬೇಕಾಗಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳುತ್ತಿದ್ದುದನ್ನು ಕಂಡವರು ಹೇಳಿ ನಾವು ಕೇಳಿದ್ದೇವೆ. ಕೆಮ್ಮಣ್ಣುಗುಂಡಿಯ ಅದಿರನ್ನು ಇದ್ದಿಲಿನಿಂದಲೇ ಕರಗಿಸುತ್ತಿದ್ದ ಭದ್ರಾವತಿಯ ಕಾರ್ಖಾನೆ ಈ ಸೀಮೆಯಲ್ಲಿಯೇ ಇದ್ದುದರಿಂದ, ಇದ್ದಿಲಿನ ಶಕ್ತಿ ಇಲ್ಲಿನವರಿಗೆ ಹೊಸದೇನೂ ಆಗಿರಲಿಲ್ಲ.

ಅನಿಲವನ್ನು ಒತ್ತಿ ಒತ್ತಿ ತುಂಬುವುದು ಇನ್ನೊಂದು ದಾರಿ. ಈಗ ಹಲವು ಊರುಗಳಲ್ಲಿ ಸಿಗುವ ಸಿ.ಎನ್.ಜಿ. ಈ ಬಗೆಯದು. ಅದು ಮುಖ್ಯವಾಗಿ ಮೀಥೇನ್. ಅದನ್ನು ಸುಮಾರು 200 ವಾಯುಭಾರದ ಒತ್ತಡಕ್ಕೆ ಹಿಸುಕಿದರೂ 40 ಲೀಟರಿನ ಪಾತ್ರೆಯಲ್ಲಿ ಆರೂವರೆ ಕಿಲೋಗ್ರಾಮಿನ ಆಸುಪಾಸು ಮಾತ್ರ ಹಿಡಿಯುವುದು. ಸಾಮಾನ್ಯ ಉಷ್ಣತೆಯಲ್ಲಿ ಮೀಥೇನನ್ನು ಎಷ್ಟು ಒತ್ತಿದರೂ ಅದು ದ್ರವವಾಗುವುದಿಲ್ಲ.

ಎಲ್.ಪಿ.ಜಿ.ಯ ಗುಣವೇ ಬೇರೆ. ಇದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ ಕುದಿಯುವುದು. ಬ್ಯೂಟೇನ್ ಹೆಚ್ಚುಕಡಮೆ ಸೊನ್ನೆ ಡಿಗ್ರಿಯಲ್ಲಿ. ಆದಕಾರಣ ಬಯಲಿನಲ್ಲಿ ಇವೆರಡೂ ಅನಿಲಗಳೇ. ಆದರೆ ಮುಚ್ಚಿದ ಪಾತ್ರೆಯಲ್ಲಿ ಕೆಲವೇ ವಾಯುಭಾರಗಳ ಒತ್ತಡ ಸಿಕ್ಕಿದರೆ ಸಾಕು, ತಂಪುಮಾಡುವ ಗೊಡವೆಯಿಲ್ಲದೆ ದ್ರವವಾಗಿ ಕುಳಿತುಕೊಳ್ಳುವುವು. ದ್ರವದ ಒಂದು ಲೀಟರು ಆವಿಯಾದರೆ ಸುಮಾರು 250 ಲೀಟರು ಅನಿಲವಾಗುವುದು. ಅಷ್ಟು ದೊಡ್ಡ ಬುತ್ತಿಯನ್ನು ಇಷ್ಟು ಚಿಕ್ಕ ಗಂಟಿನಲ್ಲಿ ಕಟ್ಟಿಕೊಡುವ ಇಂಧನಗಳು ಹೆಚ್ಚಿಲ್ಲ.

ಗಂಟಿನಲ್ಲಿ ಏನಿದೆಯೆಂಬುದನ್ನು ಎಣಿಸೋಣ. ನಮ್ಮ ಪರಿಚಿತರ ಟ್ಯಾಂಕಿನಲ್ಲಿ ಬಂಕಿನವರು ತುಂಬುವ 32 ಲೀಟರಿನ ತೂಕ, ಲೀಟರಿಗೆ 0.55 ಕಿಲೋಗ್ರಾಮಿನಂತೆ 17.6 ಕಿಲೋಗ್ರಾಂ. ಒಂದು ಕಿಲೋಗ್ರಾಂ ಉರಿದರೆ ಸುಮಾರು 46 ಮೆಗಾಜೂಲ್ ಶಾಖ ಹುಟ್ಟುವುದರಿಂದ ಒಟ್ಟು 810 ಮೆಗಾಜೂಲ್ ದೊರೆಯುವುದು. ಪೆಟ್ರೋಲಿನ ಒಂದು ಲೀಟರಿನಲ್ಲಿ ಸುಮಾರು 32 ಮೆಗಾಜೂಲ್ ಇರುವುದಾಗಿ, ಇದು 25 ಲೀಟರ್ ಪೆಟ್ರೋಲಿಗೆ ಸಮ. ತೂಕಕ್ಕೆ ತೂಕ ನೋಡಿದರೆ ಅನಿಲವೇ ಪೆಟ್ರೋಲಿಗಿಂತ ತುಸು ಮೇಲು. ಲೀಟರಿಗೆ ಲೀಟರ್ ನೋಡಿದರೆ ಕೀಳು. “ಗ್ಯಾಸ್ ಹಾಕಿಸಿದ ಮೇಲೆ ಮೈಲೇಜು ಬಿದ್ದುಹೋಯಿತು” ಎಂಬ ದೂರಿನ ಬಹುಪಾಲು ಇಲ್ಲಿಯೇ ಇದೆ. ಅದು ಮೆಕ್ಯಾನಿಕನ ತಪ್ಪಲ್ಲ, ದ್ರವದ ಸಾಂದ್ರತೆಯ ಗುಣ. ಪೆಟ್ರೋಲಿನಲ್ಲಿ ಲೀಟರಿಗೆ 15 ಕಿ.ಮೀ. ಓಡುವ ಗಾಡಿ ಅನಿಲದಲ್ಲಿ ಲೀಟರಿಗೆ 12 ಓಡಿದರೆ ಗೊಣಗುವಂತಿಲ್ಲ.

ಇನ್ನು ಆ ಖಾಲಿ ಎಂಟು ಲೀಟರಿನ ವಿಚಾರ.

ಟ್ಯಾಂಕಿನೊಳಗೆ ದ್ರವವೂ ಅದರ ಮೇಲೆ ಆವಿಯೂ ಇರುವಷ್ಟು ಕಾಲ ಒಳಗಿನ ಒತ್ತಡ ದ್ರವದ ಮೊತ್ತವನ್ನು ಅವಲಂಬಿಸುವುದಿಲ್ಲ. ಮಿಶ್ರಣ ಯಾವುದು, ಉಷ್ಣತೆ ಎಷ್ಟು ಎಂಬೆರಡೇ ಅದನ್ನು ನಿರ್ಧರಿಸುವುವು. 20 ಡಿಗ್ರಿಯಲ್ಲಿ ಶುದ್ಧ ಪ್ರೊಪೇನಿನ ಒತ್ತಡ ಎಂಟು ವಾಯುಭಾರಕ್ಕೆ ತುಸು ಮೇಲೆ, ಬ್ಯೂಟೇನಿನದು ಎರಡರ ಆಸುಪಾಸು. 40 ಡಿಗ್ರಿಯಲ್ಲಿ ಕ್ರಮವಾಗಿ ಹದಿಮೂರೂವರೆ ಮತ್ತು ಮೂರೂಮುಕ್ಕಾಲು. ಕಾಲು ತುಂಬಿದ ಟ್ಯಾಂಕಿಗೂ ಮುಕ್ಕಾಲು ತುಂಬಿದ ಟ್ಯಾಂಕಿಗೂ ಈ ಅಂಕಿಗಳಲ್ಲಿ ವ್ಯತ್ಯಾಸವಿಲ್ಲ. ಈ ಮಾತನ್ನು ಕೇಳಿದೊಡನೆ ನಮ್ಮ ಪರಿಚಿತರ ಮುಖ ಅರಳಿತು. “ಹಂಗಾದ್ರೆ ಪೂರ್ತಿ ತುಂಬಿದ್ರೂ ಅಷ್ಟೇ ಅಲ್ವಾ?” ಎಂದರು. ಅಲ್ಲಿಯೇ ಇರುವುದು ತೊಡಕು. ಆವಿಗೆ ಜಾಗವಿರುವವರೆಗೆ ಮಾತ್ರ ಈ ನಿಯಮ.

ದ್ರವಗಳು ಕಾಯ್ದಾಗ ಹಿಗ್ಗುವುವು. ಎಲ್ಲವೂ ಒಂದೇ ಸಮನಾಗಿ ಅಲ್ಲ. 15 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಿದರೆ 100 ಲೀಟರು ನೀರು 101ರಷ್ಟಾಗುವುದು. ಅದೇ ಅಂತರಕ್ಕೆ 100 ಲೀಟರು ಬ್ಯೂಟೇನ್ ಸುಮಾರು 108 ಆಗುವುದು; ಪ್ರೊಪೇನ್ 113! ನೀರಿನ ಹತ್ತು ಪಟ್ಟಿಗೂ ಮಿಗಿಲಾದ ಹಿಗ್ಗು. ಮಾಗಿಯ ಮುಂಜಾವಿನಲ್ಲಿ ಕಡೂರಿನ ಬಯಲು 15 ಡಿಗ್ರಿಗೆ ಇಳಿಯುವುದು ಅಪರೂಪವಲ್ಲ. ಬೇಸಗೆಯ ಮಧ್ಯಾಹ್ನ ಬಾಗಿಲು ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ವ್ಯಾನಿನೊಳಗೆ 50 ಡಿಗ್ರಿ ದಾಟುವುದೂ ಅಪರೂಪವಲ್ಲ. ಸಮಪಾಲಿನ ಮಿಶ್ರಣದ 32 ಲೀಟರು ಈ ಅಂತರದಲ್ಲಿ ಸುಮಾರು 35 ಲೀಟರಾಗುವುದು. 40ರ ಟ್ಯಾಂಕಿನಲ್ಲಿ ಆಗಲೂ ಐದು ಲೀಟರಿನಷ್ಟು ಬಿಡುವು ಉಳಿಯುವುದು. ಬದಲಿಗೆ ಎಂಬತ್ತರ ಗೆರೆ ಮೀರಿ 38 ಲೀಟರನ್ನು 20 ಡಿಗ್ರಿಯಲ್ಲಿ ತುಂಬಿದೆವೆನ್ನಿ. ಇನ್ನು ಹದಿನೆಂಟು ಇಪ್ಪತ್ತು ಡಿಗ್ರಿ ಏರುವಷ್ಟರಲ್ಲಿ ದ್ರವ ಟ್ಯಾಂಕಿನ ನೆತ್ತಿಯನ್ನು ಮುಟ್ಟುವುದು. ಆವಿಯ ಮೆತ್ತೆ ಮಾಯವಾಗುವುದು. ದ್ರವವು ಅನಿಲದಂತೆ ಹಿಸುಕಿಸಿಕೊಳ್ಳುವ ವಸ್ತುವಲ್ಲ. ಅಲ್ಲಿಂದ ಮುಂದೆ ಏರುವ ಒಂದೊಂದು ಡಿಗ್ರಿಗೂ ಒತ್ತಡವು ಹಲವು ವಾಯುಭಾರಗಳಷ್ಟು ಜಿಗಿಯುತ್ತ ಹೋಗುವುದು. ಹತ್ತು ಡಿಗ್ರಿಯಲ್ಲಿ ಏನಾದೀತೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು.

ಕಡೂರು ಸೀಮೆಯವರಿಗೆ ಇದನ್ನು ಅಯ್ಯನಕೆರೆಯನ್ನೋ ಮದಗದ ಕೆರೆಯನ್ನೋ ತೋರಿಸಿ ತಿಳಿಸುವುದು ಸುಲಭ. ಕೆರೆಯ ಪೂರ್ಣಮಟ್ಟಕ್ಕೂ ಏರಿಯ ನೆತ್ತಿಗೂ ನಡುವೆ ಒಂದಷ್ಟು ಎತ್ತರವನ್ನು ಕಟ್ಟಿದವರು ಬಿಟ್ಟೇ ಬಿಟ್ಟಿರುತ್ತಾರೆ. ಇನ್ನೆರಡು ಅಡಿ ನೀರು ನಿಂತಿದ್ದರೆ ಇನ್ನಷ್ಟು ಗದ್ದೆ ಬೆಳೆಯಬಹುದಾಗಿತ್ತೆಂದು ಕೋಡಿಗೆ ಮಣ್ಣು ಹಾಕಿದವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಟ್ಯಾಂಕಿಗೂ ಕೋಡಿಯಂತೆ ಒಂದು ರಕ್ಷಣಾ ಕವಾಟ ಉಂಟು. ಒತ್ತಡ ಮಿತಿಮೀರಿದರೆ ಅದು ತೆರೆದು ಅನಿಲವನ್ನು ಹೊರಕ್ಕೆ ಬಿಡುವುದು. ಟ್ಯಾಂಕು ಒಡೆಯದೆ ಉಳಿಯುವುದು, ನಿಜ. ಆದರೆ ಹೊರಬಿದ್ದ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ಮೇಲಕ್ಕೆ ಹಾರಿಹೋಗದೆ ನೆಲದ ಮೇಲೆ ಹರಿದು ಚರಂಡಿಯಲ್ಲಿ, ತಗ್ಗಿನಲ್ಲಿ ನಿಲ್ಲುವುದು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಬೆರೆತರೂ ಒಂದು ಕಿಡಿ ಸಾಕು.

ಅಡಿಗೆಮನೆಯ ಸಿಲಿಂಡರಿನಲ್ಲಿಯೂ ಈ ಬಿಡುವು ಇದ್ದೇ ಇದೆ. 14.2 ಕಿಲೋಗ್ರಾಮಿನ ಆ ಕೆಂಪು ಸಿಲಿಂಡರಿನೊಳಗೆ 33 ಲೀಟರಿಗೆ ತುಸು ಹೆಚ್ಚು ನೀರು ಹಿಡಿಯುವುದು. ಅನಿಲವಾದರೋ 26 ಲೀಟರಿನ ಆಸುಪಾಸು ಮಾತ್ರ ತುಂಬಿರುವುದು. ಅಲ್ಲಿಯೂ ಐದರಲ್ಲೊಂದು ಪಾಲು ಖಾಲಿ. ಮನೆಯಲ್ಲಿ ತೂಕದಿಂದ ಅಳೆಯುವುದರಿಂದ ನಮಗೆ ಗೊತ್ತಾಗುವುದಿಲ್ಲ, ಬಂಕಿನಲ್ಲಿ ಲೀಟರಿನಿಂದ ಅಳೆಯುವುದರಿಂದ ಗೊತ್ತಾಗುತ್ತದೆ, ಅಷ್ಟೆ. ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. ಮನೆಯ ಸಿಲಿಂಡರಿನಿಂದ ಗಾಡಿಗೆ ಅನಿಲ ಸುರಿದುಕೊಳ್ಳುವವರು ಅಲ್ಲಲ್ಲಿ ಇದ್ದಾರೆ. ಮನೆಯ ಸಿಲಿಂಡರು ಮೇಲಿನ ಆವಿಯನ್ನು ಕೊಡಲೆಂದು ಮಾಡಿದ್ದು. ಗಾಡಿಯ ಟ್ಯಾಂಕು ಕೆಳಗಿನ ದ್ರವವನ್ನು ಕೊಡಲೆಂದು ಮಾಡಿದ್ದು. ಒಂದನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಸುರಿಯುವಾಗ ಸೋರುವ ದ್ರವ ಕೈಮೇಲೆ ಬಿದ್ದರೆ, ಆವಿಯಾಗುವ ಭರದಲ್ಲಿ ಚರ್ಮದ ಶಾಖವನ್ನು ಹೀರಿ ಹೆಪ್ಪುಗಟ್ಟಿಸುವುದು. ಎಂಬತ್ತರ ಗೆರೆಯನ್ನು ತಡೆಯುವ ಕವಾಟದ ಕಾವಲೂ ಅಲ್ಲಿ ನೆಚ್ಚುವಂತಿಲ್ಲ. 2000ದಲ್ಲಿ ಮೋಟಾರು ವಾಹನಗಳ ಕಾಯಿದೆಗೆ ತಿದ್ದುಪಡಿ ತಂದು, 2001ರಲ್ಲಿ ಪ್ರತ್ಯೇಕ ಆಜ್ಞೆ ಹೊರಡಿಸಿ ಗಾಡಿಗಳಲ್ಲಿ ಎಲ್.ಪಿ.ಜಿ.ಯನ್ನು ಸಕ್ರಮಗೊಳಿಸಿದಾಗ, ಗಾಡಿಗೆಂದೇ ಮಾಡಿದ ಟ್ಯಾಂಕು, ಗಾಡಿಗೆಂದೇ ಮಾರುವ ಅನಿಲ ಎಂಬ ಕಟ್ಟುಪಾಡು ಬಂದಿತು. ಅದಕ್ಕೆ ಮೊದಲು ಅಡಿಗೆಯ ಸಿಲಿಂಡರನ್ನು ಸೀಟಿನ ಹಿಂದೆ ಇಟ್ಟುಕೊಂಡು ಓಡಿಸುತ್ತಿದ್ದವರ ಸಾಹಸವನ್ನು ಹೊಗಳುವುದು ನಮ್ಮಿಂದಾಗದು.

ನಮ್ಮ ಪರಿಚಿತರು ಸ್ವಲ್ಪ ಹೊತ್ತು ಸುಮ್ಮನಿದ್ದು, ಡಯಾಲಿಸಿಸ್‌ಗೆ ಬರುವ ಅಜ್ಜಿಯೊಬ್ಬರು ಟ್ಯಾಂಕಿನ ಮುಂದಿನ ಸೀಟಿನಲ್ಲಿಯೇ ಕೂರುವುದೆಂದರು. ಖಾಲಿ ಜಾಗದ ಮಾತು ಅಲ್ಲಿಗೆ ಮುಗಿಯಿತು. ಮೂರನೆಯ ಪಯಣದ ಮಾತು ಉಳಿಯಿತು.

ಟ್ಯಾಂಕನ್ನು ಬಿಟ್ಟು ಈಗ ರಸ್ತೆಯನ್ನು ನೋಡೋಣ. ಇಂಧನದ 810 ಮೆಗಾಜೂಲಿನಲ್ಲಿ ಬಹುಪಾಲು ರೇಡಿಯೇಟರಿನಿಂದಲೂ ಹೊಗೆಯ ಕೊಳವೆಯಿಂದಲೂ ಶಾಖವಾಗಿ ಹೊರಟುಹೋಗುವುದು. ಹಳೆಯ ವ್ಯಾನಿನಲ್ಲಿ ಚಕ್ರದವರೆಗೆ ತಲಪುವುದು ಆರರಲ್ಲೊಂದು ಪಾಲು ಎಂದು ಇಟ್ಟುಕೊಳ್ಳುವುದು ಅಷ್ಟೇನೂ ಅನ್ಯಾಯವಲ್ಲ. ಎಂದರೆ 135 ಮೆಗಾಜೂಲ್. ಈ ಬಂಡವಾಳವನ್ನು ಗಾಡಿ ಯಾವ ಯಾವ ಬಾಬಿಗೆ ವೆಚ್ಚಮಾಡುವುದೆಂಬುದೇ ನಮಗೆ ಬೇಕಾದ ವಿಷಯ.

ಮೊದಲನೆಯದು ಟೈರಿನ ಉರುಳುವಿಕೆಯ ಪ್ರತಿರೋಧ. ಆಳುಗಳೂ ಸೇರಿ ಗಾಡಿಯ ತೂಕ 1200 ಕಿಲೋಗ್ರಾಂ ಎನ್ನೋಣ. ಡಾಂಬರು ರಸ್ತೆಯಲ್ಲಿ ಈ ಪ್ರತಿರೋಧ ಗಾಡಿಯ ಭಾರದ ನೂರರಲ್ಲಿ ಒಂದು ಪಾಲಿಗೆ ತುಸು ಮೇಲೆ. ಸುಮಾರು 150 ನ್ಯೂಟನ್. ವೇಗ ಹೆಚ್ಚಿದರೂ ಇದು ಹೆಚ್ಚೇನೂ ಬದಲಾಗದು. ಎರಡನೆಯದು ಗಾಳಿಯ ತಡೆ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದು. ಮೂಗು ಮೊಂಡಾದ ಇಂಥ ವ್ಯಾನಿಗೆ, ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದ ಈ ಸೀಮೆಯ ತುಸು ತೆಳುವಾದ ಗಾಳಿಯಲ್ಲಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುಮಾರು 135 ನ್ಯೂಟನ್, 80 ಕಿ.ಮೀ. ವೇಗದಲ್ಲಿ ಸುಮಾರು 240 ನ್ಯೂಟನ್ ಎಂದು ಲೆಕ್ಕ ಬರುವುದು. ಎರಡನ್ನೂ ಕೂಡಿದರೆ 60ರಲ್ಲಿ 285, 80ರಲ್ಲಿ 390. ಒಂದು ನ್ಯೂಟನ್ ತಡೆಯ ವಿರುದ್ಧ ಒಂದು ಕಿಲೋಮೀಟರು ಸಾಗಲು ಒಂದು ಕಿಲೋಜೂಲ್ ಬೇಕು. ಆದ್ದರಿಂದ ಎಲ್ಲಿಯೂ ನಿಲ್ಲದೆ ಸಮನಾದ ರಸ್ತೆಯಲ್ಲಿ ಓಡಿದರೆ ನಮ್ಮ ಬಂಡವಾಳ 80ರ ವೇಗದಲ್ಲಿ 346 ಕಿ.ಮೀ.ಗೆ, 60ರ ವೇಗದಲ್ಲಿ 474 ಕಿ.ಮೀ.ಗೆ ಸಾಲುವುದು.

“ಅಷ್ಟು ಯಾವತ್ತೂ ಓಡಿಲ್ಲ” ಎಂದರು ನಮ್ಮ ಪರಿಚಿತರು. ಓಡಿರಲಾರದು. ನಿಲ್ಲದೆ ಓಡುವ ರಸ್ತೆ ಕಾಗದದ ಮೇಲೆ ಮಾತ್ರ ಇರುವುದು. ಹೊನ್ನಾವರದ ಹೆದ್ದಾರಿಯಲ್ಲಿ ಊರು, ಅಡ್ಡರಸ್ತೆ, ಶಾಲೆ ಬಂದಲ್ಲೆಲ್ಲ ಹಂಪು. ಅಜ್ಜಂಪುರದ ದಾರಿಯಲ್ಲಿ ಹಂಪಿನ ಜೊತೆಗೆ ದನದ ಹಿಂಡು. (ಅಮೃತಮಹಲ್ ತಳಿಯ ಕೇಂದ್ರವಿರುವ ಊರಿನಲ್ಲಿ ದನಗಳಿಗೆ ದಾರಿ ಬಿಡುವುದು ಮರ್ಯಾದೆಯೂ ಹೌದು.) ಗಾಡಿಯ ಚಲನಶಕ್ತಿಯೂ ವೇಗದ ವರ್ಗದಂತೆಯೇ ಬೆಳೆಯುವುದು. 60ರಲ್ಲಿ ಓಡುವ ನಮ್ಮ ವ್ಯಾನಿನಲ್ಲಿ 167 ಕಿಲೋಜೂಲ್ ಇದ್ದರೆ 80ರಲ್ಲಿ 296 ಇರುವುದು. ಬ್ರೇಕು ಒತ್ತಿದಾಗ ಇದಿಷ್ಟೂ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುವುದು. ಮತ್ತೆ ವೇಗ ಹಿಡಿಯಲು ಟ್ಯಾಂಕಿನಿಂದ ಹೊಸದಾಗಿ ಕೊಡಬೇಕು.

ಎರಡು ಕಿಲೋಮೀಟರಿಗೊಮ್ಮೆ ಗಾಡಿ ನಿಂತು ಹೊರಟಂತಾಗುವುದೆಂದು ಭಾವಿಸೋಣ. 80ರಲ್ಲಿ ಓಡಿಸುವವರಿಗೆ ಕಿಲೋಮೀಟರಿಗೆ 390ರ ಜೊತೆಗೆ 148 ಕಿಲೋಜೂಲ್ ಸೇರಿ 538 ಆಗುವುದು. 135 ಮೆಗಾಜೂಲನ್ನು ಇದರಿಂದ ಭಾಗಿಸಿದರೆ ಸುಮಾರು 250 ಕಿ.ಮೀ. ಎಂದರೆ ಎರಡು ಪಯಣ, ಇನ್ನು ಹತ್ತು ಕಿಲೋಮೀಟರು ಮಿಗುವುದು. ನಮ್ಮ ಪರಿಚಿತರು ವರ್ಷದಿಂದ ಕಾಣುತ್ತಿದ್ದುದು ಇದನ್ನೇ. ಅದೇ ರಸ್ತೆ, ಅದೇ ಹಂಪು, 60ರ ವೇಗ: 285ಕ್ಕೆ 83 ಸೇರಿ 368. ಭಾಗಿಸಿದರೆ ಸುಮಾರು 365 ಕಿ.ಮೀ. ಮೂರನೆಯ ಪಯಣ ಇಲ್ಲಿ ಅಡಗಿ ಕುಳಿತಿತ್ತು.

ಇದನ್ನು ಖಾಲಿ ಜಾಗದ ಲಾಭದೊಂದಿಗೆ ಹೋಲಿಸಿ ನೋಡಬೇಕು. ಅಪಾಯವನ್ನೆಲ್ಲ ಮರೆತು 40 ಲೀಟರನ್ನೂ ತುಂಬಿಸಿಕೊಂಡಿದ್ದರೂ 80ರ ವೇಗದಲ್ಲಿ 250 ಕಿ.ಮೀ. ಇದ್ದುದು 313 ಆಗುತ್ತಿತ್ತು. ಮೂರು ಪಯಣಕ್ಕೆ ಬೇಕಾದುದು 360. ಮೂರನೆಯ ಪಯಣದಲ್ಲಿ ಶಿವಮೊಗ್ಗವನ್ನು ಬಿಟ್ಟು ಬರುವಾಗ ಭದ್ರಾವತಿಯ ಬಳಿಯಲ್ಲಿಯೇ ಅನಿಲ ತೀರಿ, ರೋಗಿಯ ಸಮೇತ ರಸ್ತೆಯ ಬದಿಗೆ ನಿಲ್ಲಬೇಕಾಗುತ್ತಿತ್ತು. ಬಲವಂತವಾಗಿ ಕಸಿದುಕೊಂಡ ಎಂಟು ಲೀಟರಿಗಿಂತ ಕಾಲನ್ನು ತುಸು ಹಗುರವಾಗಿ ಊರುವುದರಿಂದ ಬರುವ ಗಳಿಕೆ ಹೆಚ್ಚು. ವೇಗ ತಗ್ಗಿಸಿದ್ದರಿಂದ ಕಳೆದುಕೊಳ್ಳುವ ಹೊತ್ತೆಷ್ಟು? ಕಡೂರಿನಿಂದ ತರೀಕೆರೆಗೆ ಸುಮಾರು 35 ಕಿ.ಮೀ. 80ರಲ್ಲಿ 26 ನಿಮಿಷ, 60ರಲ್ಲಿ 35 ನಿಮಿಷ. ಬೀರೂರಿನ ರೈಲ್ವೆ ನಿಲ್ದಾಣದೆದುರು ಒಂದು ಕಾಫಿ ಕುಡಿಯುವಷ್ಟು ಹೊತ್ತು.

ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸದಿದ್ದರೆ ವಿದ್ಯಾರ್ಥಿಗಳಿಗೆ ಮೋಸ ಮಾಡಿದಂತಾಗುವುದು. ಎಂಜಿನಿನ ದಕ್ಷತೆ ಎಲ್ಲ ವೇಗದಲ್ಲಿಯೂ ಆರರಲ್ಲೊಂದೇ ಆಗಿರುವುದಿಲ್ಲ. ಹಗುರವಾಗಿ ದುಡಿಯುವ ಎಂಜಿನು ತನ್ನ ಒಳಗಿನ ಘರ್ಷಣೆಗೂ ಗಾಳಿಯನ್ನು ಎಳೆದುಕೊಳ್ಳುವ ಕೆಲಸಕ್ಕೂ ಹೆಚ್ಚಿನ ಪಾಲನ್ನು ಕೊಡುವುದರಿಂದ, ನಿಧಾನವಾಗಿ ಓಡಿಸಿದಾಗ ದಕ್ಷತೆ ಸ್ವಲ್ಪ ತಗ್ಗುವುದು. ಆದಕಾರಣ ನಿಜವಾದ ಗಳಿಕೆ ನಮ್ಮ ಲೆಕ್ಕಕ್ಕಿಂತ ಕಡಮೆಯೇ ಬಂದೀತು. ಕೊರತೆಯನ್ನು ಬೇರೆ ಮೂಲೆಗಳಿಂದ ತುಂಬಿಕೊಳ್ಳಬೇಕು. ಮೂಲೆಗಳು ಇಲ್ಲದಿಲ್ಲ.

ಟೈರಿನ ಗಾಳಿ ಮೊದಲನೆಯದು. ಸಡಿಲವಾದ ಟೈರು ಪ್ರತಿ ಸುತ್ತಿನಲ್ಲಿಯೂ ಚಪ್ಪಟೆಯಾಗಿ ಉಬ್ಬಿ ರಬ್ಬರಿನಲ್ಲಿ ಶಾಖ ಹುಟ್ಟಿಸುವುದು. ಇದರಿಂದ ಉರುಳುವ ಪ್ರತಿರೋಧ ಐದರಲ್ಲೊಂದು ಪಾಲು ಹೆಚ್ಚಿದರೂ 30 ನ್ಯೂಟನ್. 60ರ ವೇಗದ 285ಕ್ಕೆ ಇದು ಹತ್ತರಲ್ಲೊಂದು ಪಾಲಿನ ದಂಡ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸದವರು ಈ ದಂಡವನ್ನು ತಿಳಿಯದೆಯೇ ಕಟ್ಟುತ್ತಿರುತ್ತಾರೆ. ಮೇಲುಗಡೆಯ ಕ್ಯಾರಿಯರನ್ನು ಬೇಡದಾಗ ತೆಗೆದಿಡುವುದು ಎರಡನೆಯದು. ಹಂಪು ಕಣ್ಣಿಗೆ ಬಿದ್ದೊಡನೆ ಕಾಲೆತ್ತಿ, ಗಾಡಿಯ ಚಲನಶಕ್ತಿಯನ್ನು ಬ್ರೇಕಿಗೆ ಸುರಿಯದೆ ರಸ್ತೆಗೇ ವೆಚ್ಚಮಾಡುವುದು ಮೂರನೆಯದು. ಇದನ್ನು ಪುಸ್ತಕದಿಂದ ಕಲಿಯಲಾಗದು. ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಎಲ್ಲಿ ಹಗ್ಗ ಬಿಡಬೇಕು ಎಲ್ಲಿ ಹಿಡಿಯಬೇಕೆಂಬುದು ತಾನಾಗಿಯೇ ಗೊತ್ತಿರುತ್ತಿತ್ತು.

ಆಷಾಢದ ಗಾಳಿಯನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಮುಂಗಾರಿನಲ್ಲಿ ಕಡೂರು ಬಯಲಿನ ಮೇಲೆ ಪಡುವಣ ಗಾಳಿ ಬಿಡದೆ ಬೀಸುವುದು. ಗಂಟೆಗೆ 20 ಕಿ.ಮೀ. ವೇಗದ ಎದುರುಗಾಳಿಯಲ್ಲಿ 60ರಲ್ಲಿ ಹೋಗುವ ಗಾಡಿಗೆ ಗಾಳಿಯ ತಡೆ 80ರಲ್ಲಿ ಹೋದಷ್ಟೇ ಇರುವುದು. ಬರುವಾಗ ಬೆನ್ನಗಾಳಿ ಸಿಗುವುದಾದರೂ ಹೋಗುವಾಗ ಕೊಟ್ಟುದೆಲ್ಲ ಮರಳಿ ಬಾರದು. ವರ್ಗದ ನಿಯಮ ಕೊಡುವಾಗ ಜಿಪುಣ, ಕೀಳುವಾಗ ಧಾರಾಳ. 60ರ ವೇಗಕ್ಕೆ 20ರ ಎದುರುಗಾಳಿ ಸೇರಿದಾಗ 105 ನ್ಯೂಟನ್ ಹೆಚ್ಚುವುದು. 20ರ ಬೆನ್ನಗಾಳಿ ಬಂದಾಗ ಉಳಿಯುವುದು 75 ಮಾತ್ರ.

ಬೆಟ್ಟದ ಬಾಡಿಗೆ ಒಪ್ಪಿಕೊಂಡರೆ ಲೆಕ್ಕ ಮತ್ತೆ ಬೇರೆ. ತರೀಕೆರೆಯಿಂದ ಲಿಂಗದಹಳ್ಳಿಯ ಮೇಲೆ ಕೆಮ್ಮಣ್ಣುಗುಂಡಿಗೆ ಏರಿಕೆ ಸುಮಾರು 700 ಮೀಟರು. ಅದರ ನೆತ್ತಿ ಸಮುದ್ರಮಟ್ಟದಿಂದ 1434 ಮೀಟರು. ನಮ್ಮ ವ್ಯಾನನ್ನು ಅಷ್ಟೆತ್ತರಕ್ಕೆ ಎತ್ತಲು 8.2 ಮೆಗಾಜೂಲ್ ಬೇಕು. 60ರ ವೇಗದಲ್ಲಿ ಸಮನೆಲದ ಮೇಲೆ 29 ಕಿ.ಮೀ. ಓಡುವಷ್ಟು ಶಕ್ತಿ ಇದು. ಇಳಿಯುವಾಗ ಇದು ಮರಳಿ ಬರಬೇಕಾದದ್ದೇ. ಆದರೆ ಘಟ್ಟದ ತಿರುವುಗಳಲ್ಲಿ ಬ್ರೇಕು ಬಹುಪಾಲನ್ನು ನುಂಗಿಬಿಡುವುದು.

ಎಂಜಿನಿನ ಕೋಣೆಯಲ್ಲಿಯೂ ಸ್ವಲ್ಪ ಗಳಿಸಬಹುದು. ಟ್ಯಾಂಕಿನಿಂದ ಬರುವ ದ್ರವವನ್ನು ಆವಿಮಾಡುವ ಒಂದು ಡಬ್ಬಿ ಉಂಟು. ಗ್ಯಾರೇಜಿನವರು ಅದನ್ನು ವೇಪರೈಸರ್ ಎನ್ನುತ್ತಾರೆ. ಒಂದು ಕಿಲೋಗ್ರಾಂ ದ್ರವ ಆವಿಯಾಗಲು ಸುಮಾರು 360 ಕಿಲೋಜೂಲ್ ಗುಪ್ತೋಷ್ಣ ಬೇಕು. 60ರಲ್ಲಿ ಸಮನಾಗಿ ಓಡುವಾಗ ಇದು 220 ವಾಟಿನಷ್ಟು ಮಾತ್ರ. ಎಂಜಿನಿನ ಬಿಸಿನೀರು ಇದನ್ನು ಪುಕ್ಕಟೆಯಾಗಿ ಒದಗಿಸುವುದು. ಆದರೆ ರೇಡಿಯೇಟರಿನ ನೀರು ತಗ್ಗಿದ್ದರೆ, ಎಂಜಿನು ಬಿಸಿಯಾಗುವ ಮೊದಲೇ ಅನಿಲಕ್ಕೆ ತಿರುಗಿಸಿದರೆ, ಡಬ್ಬಿ ಹೊರಗೆ ಹಿಮ ಕಟ್ಟಿಕೊಂಡು ಮಿಶ್ರಣ ಕೆಡುವುದು. ಗಾಳಿಯ ಫಿಲ್ಟರು ಕಟ್ಟಿಕೊಂಡಿದ್ದರೂ ಹಾಗೆಯೇ. ಮಿಶ್ರಣದ ಹದವನ್ನು ಅನಿಲದ ಕೆಲಸ ಬಲ್ಲ ಗ್ಯಾರೇಜಿನಲ್ಲಿ ಉಪಕರಣವಿಟ್ಟು ನೋಡಿಸಬೇಕು; ಕಿವಿಗೊಟ್ಟು ತಿರುಪು ತಿರುಗಿಸುವ ವಿದ್ಯೆ ಇಲ್ಲಿ ನಡೆಯದು. ಅನಿಲದ ಆಕ್ಟೇನ್ ಅಂಕಿ ನೂರಕ್ಕೂ ಮಿಗಿಲಾದುದರಿಂದ, ಅದಕ್ಕೆಂದೇ ಒತ್ತಡದ ಅನುಪಾತ ಹೆಚ್ಚಿಸಿ ಕಟ್ಟಿದ ಎಂಜಿನು ಇನ್ನಷ್ಟು ದಕ್ಷವಾಗಬಲ್ಲದು. ಪೆಟ್ರೋಲಿಗೆಂದು ಕಟ್ಟಿ ಮಾರ್ಪಡಿಸಿದ ಗಾಡಿಯಲ್ಲಿ ಆ ಸೌಲಭ್ಯ ಇಲ್ಲ.

ಬೆಳಗಿನ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಅನಿಲ ಸಿಗುವುದೆಂಬ ನಂಬಿಕೆಯೊಂದಿದೆ. ದ್ರವ ಹತ್ತು ಡಿಗ್ರಿ ತಂಪಾಗಿದ್ದರೆ ಅದೇ ಲೀಟರಿನಲ್ಲಿ ನೂರಕ್ಕೆ ಎರಡೂವರೆಯಷ್ಟು ಹೆಚ್ಚು ತೂಕ ಬರುವುದು ನಿಜ. ಆದರೆ ಬಂಕಿನ ದಾಸ್ತಾನು ನೆಲದಡಿಯಲ್ಲಿದ್ದರೆ ಅಲ್ಲಿ ಬೆಳಗು ಸಂಜೆಗಳ ಭೇದವಿಲ್ಲ. ಇದಕ್ಕಾಗಿ ನಿದ್ದೆಗೆಡುವುದು ವ್ಯರ್ಥ. ಖಾಲಿಯೆಂದು ಮುಳ್ಳು ತೋರಿಸಿದ ಟ್ಯಾಂಕಿನಲ್ಲಿ ಅರ್ಧ ಕಿಲೋಗ್ರಾಮಿನಷ್ಟು ಆವಿ ಉಳಿದಿರುವುದೂ ನಿಜವೇ. ದ್ರವಕ್ಕೆಂದು ಮಾಡಿದ ಏರ್ಪಾಡಿಗೆ ಅದು ಸರಿಯಾಗಿ ಒದಗದೆ ಗಾಡಿ ಮುಗ್ಗರಿಸುವುದು. ಅದನ್ನೂ ಲೆಕ್ಕಕ್ಕೆ ಹಿಡಿಯಬಾರದು.

ಇಷ್ಟರ ಮೇಲೆಯೂ ಹೆಚ್ಚು ದೂರ ಬೇಕೆಂಬವರಿಗೆ ನೇರವಾದ ದಾರಿಗಳು ಎರಡು. ಒಂದು, ಅಧಿಕೃತ ಗ್ಯಾರೇಜಿನಲ್ಲಿ ಪರವಾನಗಿ ಪಡೆದ ದೊಡ್ಡ ಟ್ಯಾಂಕನ್ನು ಕೂಡಿಸಿ ಆರ್.ಟಿ.ಓ. ಕಚೇರಿಯಲ್ಲಿ ನೋಂದಾಯಿಸುವುದು. 60 ಲೀಟರಿನ ಟ್ಯಾಂಕು 48 ಲೀಟರು ಹಿಡಿಯುವುದು. ಅದರಲ್ಲಿಯೂ ಐದನೆಯ ಪಾಲು ಖಾಲಿಯೇ. ಎರಡನೆಯದು ಕಣ್ಣೆದುರಿಗೇ ಇದ್ದು ಮರೆತುಹೋಗುವಂಥದು: ಮಾರ್ಪಡಿಸಿದ ಗಾಡಿಯಲ್ಲಿ ಪೆಟ್ರೋಲಿನ ಟ್ಯಾಂಕು ಹಾಗೆಯೇ ಉಳಿದಿರುವುದು. ಅನಿಲ ಅಗ್ಗವೆಂದು ಅದನ್ನು ಒಣಗಿಸಿಕೊಂಡು ಓಡಾಡುವವರೇ ಹೆಚ್ಚು. ಹತ್ತು ಲೀಟರು ಪೆಟ್ರೋಲು ಇಟ್ಟುಕೊಂಡರೆ 60ರ ವೇಗದಲ್ಲಿ, ಹಂಪುಗಳ ಸಮೇತ, ಸುಮಾರು 145 ಕಿ.ಮೀ. ಆಪತ್ಕಾಲಕ್ಕೆ ಒದಗುವುದು. ಅಜ್ಜಂಪುರಕ್ಕೂ ಶಿವಮೊಗ್ಗಕ್ಕೂ ಹೋಗಿಬಂದು ಇನ್ನೂ ಮಿಗುವುದು.

ನಮ್ಮ ಪರಿಚಿತರಿಗೆ ಕೊನೆಗೆ ಹೇಳಿದುದು ಅಳತೆಯ ವಿಷಯ. ಬಂಕಿನ ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ ಓಡೋಮೀಟರಿನ ಅಂಕಿಯನ್ನು ಬರೆದಿಡುವುದು. ಮುಂದಿನ ಸಲ ತುಂಬಿಸುವಾಗ ಹಿಡಿದ ಲೀಟರನ್ನೂ ಓಡಿದ ದೂರವನ್ನೂ ಭಾಗಿಸುವುದು. ನಾಲ್ಕೈದು ಸಲದ ಸರಾಸರಿಯನ್ನು ಮಾತ್ರ ನಂಬುವುದು. ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರು ಬರೆಯಲು ತೊಡಗಿದ್ದಾರೆ. ಎಂಬತ್ತರಲ್ಲಿ ಓಡಿಸಿದ ಮೂರು ಸಾಲುಗಳೂ ಅರವತ್ತರಲ್ಲಿ ಓಡಿಸಿದ ಎರಡು ಸಾಲುಗಳೂ ಈಗ ಅಲ್ಲಿವೆ. ಎರಡನೆಯದರ ಎದುರಿಗೆ “ಟೈರ್ ಗಾಳಿ ಕಮ್ಮಿ ಇತ್ತು, ಲೆಕ್ಕಕ್ಕಿಲ್ಲ” ಎಂದು ಬರೆದಿದ್ದಾರೆ.